ಕುದುರೆಯ ಜಾತಕ ಬಯಲಲ್ಲಿ, ತೀರ್ಪುಗಾರರ ವೋಟು ಬೀರುವಿನಲ್ಲಿ

ಮಾಗಡಿ ರೋಡಿನಲ್ಲಿ ಬ್ಯಾಡರಹಳ್ಳಿ ಸ್ಟಾಪ್ ಹತ್ತಿರ ಒಂದು ಟೀ ಅಂಗಡಿ. ರೇಸ್ ಇರೋ ದಿನ ಬೆಳಗ್ಗೆ ಅಲ್ಲಿ ಒಬ್ಬ ಹಿರಿಯರು ಕೂತಿರ್ತಾರೆ. ಕೈಯಲ್ಲಿ ರೇಸ್ ಬುಕ್, ಕಿವಿಯ ಮೇಲೆ ಪೆನ್ಸಿಲ್. ಫ್ಯಾಕ್ಟರಿ ಕೆಲಸದಿಂದ ರಿಟೈರ್ ಆದವರು. ಮನೆಯವರಿಗೆ ಮೆಜೆಸ್ಟಿಕ್‌ನಲ್ಲಿ ಕೆಲಸ ಇದೆ ಅಂತ ಹೇಳಿ ಹೊರಟಿರ್ತಾರೆ. ಮನೆಯವರಿಗೂ ಎಲ್ಲಾ ಗೊತ್ತು, ಅದು ಬೇರೆ ವಿಷಯ.

ನನ್ನನ್ನ ಟಿವಿಯಲ್ಲಿ ನೋಡಿ ಗುರುತು ಹಿಡಿದರು. ‘ಸಾರ್, ದಿನಾ ರಾಜಕಾರಣಿಗಳಿಗೆ ಪ್ರಶ್ನೆ ಕೇಳ್ತೀರಲ್ಲ, ನನ್ನದೂ ಒಂದು ಪ್ರಶ್ನೆ ಇದೆ’ ಅಂದರು. ಅವರು ದುಡ್ಡು ಕಟ್ಟಿದ್ದ ಕುದುರೆ ಮೊದಲು ಬಂದಿತ್ತಂತೆ. ಆಮೇಲೆ ಆಬ್ಜೆಕ್ಷನ್ ಬಿತ್ತು. ಅಡ್ಡ ಬಂದು ಇನ್ನೊಂದು ಕುದುರೆಯ ದಾರಿ ಕೆಡಿಸಿತು ಅಂತ ದೂರು. ಸ್ವಲ್ಪ ಹೊತ್ತು ಕಳೆದು ಮೈಕಿನಲ್ಲಿ ಘೋಷಣೆ ಆಯ್ತು: ಮೊದಲನೇದು ಎರಡನೇದಾಯ್ತು. ಯಾವ ಊರಿನ ರೇಸು, ಯಾವ ವರ್ಷ ಅನ್ನೋದು ಬೇಡ. ಅವರು ಕೇಳಿದ್ದು ಇಷ್ಟೇ: ‘ಒಳಗೆ ಎಷ್ಟು ಜನ ಇದ್ರು? ಎಷ್ಟು ಜನ ಹೂಂ ಅಂದ್ರು, ಎಷ್ಟು ಜನ ಊಹೂಂ ಅಂದ್ರು? ಅದನ್ನ ಎಲ್ಲಿ ನೋಡಬೇಕು ಸಾರ್?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟುಡಿಯೋಗೆ ಬಂದು ಹುಡುಕೋಕೆ ಕೂತೆ. ಹುಡುಕ್ತಾ ಹುಡುಕ್ತಾ ಇನ್ನೂರ ಮೂವತ್ತು ವರ್ಷ ಹಿಂದಕ್ಕೆ, ಇಂಗ್ಲೆಂಡಿನ ನ್ಯೂಮಾರ್ಕೆಟ್ ಅನ್ನೋ ಊರಿಗೆ ಹೋಗಬೇಕಾಯ್ತು.

ಅದಕ್ಕೆ ಮೊದಲು ಅವರ ಕೈಯಲ್ಲಿದ್ದ ಆ ಪುಸ್ತಕದ ಒಳಗೆ ಏನಿದೆ ನೋಡಿ. ಕುದುರೆಯ ಅಪ್ಪ ಯಾರು, ಅಮ್ಮ ಯಾರು. ವಯಸ್ಸೆಷ್ಟು. ಬೆನ್ನ ಮೇಲೆ ಎಷ್ಟು ಕಿಲೋ ಭಾರ. ಕಳೆದ ರೇಸುಗಳಲ್ಲಿ ಎಷ್ಟನೇ ಸ್ಥಾನ, ಎಷ್ಟು ಲೆಂಗ್ತ್ ಅಂತರ. ಜಾಕಿ ಯಾರು, ಟ್ರೇನರ್ ಯಾರು, ಮಾಲೀಕ ಯಾರು. ಮದುವೆಗೆ ಗಂಡು ನೋಡುವಾಗಲೂ ನಮ್ಮ ಜನ ಇಷ್ಟು ವಿಚಾರಿಸಲ್ಲ. ಓಡೋ ಪ್ರಾಣಿಯದ್ದು ಪ್ರತಿಯೊಂದೂ ದಾಖಲೆ. ಓಟ ಸರಿಯಾಗಿ ನಡೆಯಿತಾ ಇಲ್ವಾ ಅಂತ ತೀರ್ಮಾನ ಮಾಡೋರನ್ನ ಸ್ಟೀವರ್ಡ್ ಅಂತಾರೆ. ಜಾಕಿಗೆ ದಂಡ, ಟ್ರೇನರ್ ಲೈಸೆನ್ಸಿಗೆ ಕತ್ತರಿ, ಕುದುರೆಗೆ ನಿಷೇಧ, ಎಲ್ಲಾ ಇವರ ಕೈಯಲ್ಲೇ. ಇವರ ತೀರ್ಮಾನ ಹೊರಗೆ ಬರುತ್ತೆ, ಇಲ್ಲ ಅನ್ನಲ್ಲ. ಇಂಥ ಜಾಕಿಗೆ ಇಷ್ಟು ದಂಡ, ಇಷ್ಟು ದಿನ ಸಸ್ಪೆಂಡ್ ಅಂತ ಪ್ರಕಟವಾಗುತ್ತೆ. ಆದರೆ ವಾಕ್ಯದ ಕರ್ತೃಪದ ಯಾವಾಗಲೂ ಒಂದೇ: ‘ಸ್ಟೀವರ್ಡ್‌ಗಳು ತೀರ್ಮಾನಿಸಿದರು’. ಬಹುವಚನ. ಅದರೊಳಗೆ ಯಾರು ಯಾವ ಕಡೆ ಅನ್ನೋದು ಆ ಕೋಣೆಯಲ್ಲೇ ಉಳಿಯುತ್ತೆ.

ಈ ಬಹುವಚನ ಹುಟ್ಟಿದ್ದು ನ್ಯೂಮಾರ್ಕೆಟ್‌ನಲ್ಲಿ. 1750ರ ಸುಮಾರಿಗೆ ಇಂಗ್ಲೆಂಡಿನ ಸಿರಿವಂತ ಕುದುರೆ ಮಾಲೀಕರು ಸೇರಿ ಜಾಕಿ ಕ್ಲಬ್ ಅಂತ ಮಾಡಿಕೊಂಡರು. ಹೆಸರು ಜಾಕಿ ಕ್ಲಬ್. ಕುದುರೆ ಓಡಿಸೋ ಜಾಕಿಗಳಿಗೆ ಅಲ್ಲಿ ಜಾಗ ಇರಲಿಲ್ಲ. ಹೊಸ ಸದಸ್ಯ ಬೇಕು ಅಂದ್ರೆ ಆ ಕಾಲದ ಕ್ಲಬ್ಬುಗಳಲ್ಲಿ ಒಂದು ಪದ್ಧತಿ ಇತ್ತು. ಒಂದು ಮರದ ಪೆಟ್ಟಿಗೆ, ಬಿಳಿ ಗೋಲಿ, ಕಪ್ಪು ಗೋಲಿ. ಕೈಯನ್ನ ಪೆಟ್ಟಿಗೆಯೊಳಗೆ ಬಿಟ್ಟು ಯಾವುದೋ ಒಂದನ್ನ ಹಾಕಬೇಕು. ಕಪ್ಪು ಗೋಲಿ ಬಿತ್ತೋ, ಆ ಮನುಷ್ಯನಿಗೆ ಪ್ರವೇಶ ಇಲ್ಲ. ಹಾಕಿದ್ದು ಯಾರು? ಯಾರಿಗೂ ಗೊತ್ತಾಗಲ್ಲ. ಮಾರನೇ ದಿನ ಅದೇ ಟೇಬಲ್ಲಿನಲ್ಲಿ ಎಲ್ಲರೂ ಕೂತು ಊಟ ಮಾಡಬೇಕಲ್ಲ! ಬ್ಯಾಲೆಟ್ ಅನ್ನೋ ಪದವೇ ಇಟಾಲಿಯನ್ ಭಾಷೆಯ ಪುಟ್ಟ ಗೋಲಿಯಿಂದ ಬಂದಿದ್ದು. ಊಟದ ಟೇಬಲ್ಲಿಗೆ ಯಾರನ್ನ ಸೇರಿಸಿಕೊಳ್ಳಬೇಕು ಅನ್ನೋದಕ್ಕೆ ಈ ಗುಟ್ಟು ಸರಿಯೇ ಇರಬಹುದು, ನಮಗೇನು. ಆದರೆ ಇದೇ ಕ್ಲಬ್ ನಿಧಾನವಾಗಿ ಇಡೀ ದೇಶದ ರೇಸುಗಳಿಗೆ ನ್ಯಾಯಾಧೀಶನಾಗಿ ಕೂತುಬಿಟ್ಟಿತು.

1791ರ ಅಕ್ಟೋಬರ್. ಮುಂದೆ ರಾಜನಾಗಬೇಕಿದ್ದ ವೇಲ್ಸ್ ರಾಜಕುಮಾರನ ಕುದುರೆ, ಹೆಸರು ಎಸ್ಕೇಪ್. 20ನೇ ತಾರೀಖು ಫೇವರಿಟ್ ಆಗಿ ಓಡಿ ನಾಲ್ಕು ಕುದುರೆಗಳಲ್ಲಿ ಕೊನೆಗೆ ಬಂತು. ಮಾರನೇ ದಿನ ಒಂದಕ್ಕೆ ಐದರ ಭಾವ ಇದ್ದಾಗ ಗೆದ್ದುಬಿಟ್ಟಿತು. ಜನ ಕೂಗಾಡಿದರು. ಜಾಕಿ ಸ್ಯಾಮ್ ಚಿಫ್ನಿ ಮೇಲೆ ಅನುಮಾನ. ಕ್ಲಬ್ಬಿನ ಸ್ಟೀವರ್ಡ್ ಸರ್ ಚಾರ್ಲ್ಸ್ ಬನ್ಬರಿ ರಾಜಕುಮಾರನಿಗೇ ಹೇಳಿಬಿಟ್ಟ: ಚಿಫ್ನಿ ನಿಮ್ಮ ಕುದುರೆ ಏರಿದರೆ ಯಾವ ಮರ್ಯಾದಸ್ಥನೂ ನಿಮ್ಮ ಎದುರು ಕುದುರೆ ಬಿಡಲ್ಲ. ರಾಜಕುಮಾರ ಸಿಟ್ಟಾಗಿ ನ್ಯೂಮಾರ್ಕೆಟ್ ಬಿಟ್ಟು ಹೋದ. ರೇಸ್ ಇತಿಹಾಸ ಬರೆಯೋರು ಇದನ್ನ ಸ್ಟೀವರ್ಡ್‌ಗಳ ಧೈರ್ಯದ ಕಥೆ ಅಂತ ಹೇಳ್ತಾರೆ. ಒಪ್ಪುತ್ತೀನಿ, ಧೈರ್ಯವೇ. ಆದರೆ ಗಮನಿಸಿ, ಇವತ್ತಿಗೂ ಆ ಧೈರ್ಯ ನಮಗೆ ಗೊತ್ತಿರೋದು ಬನ್ಬರಿ ಹೆಸರು ಹೊರಗೆ ಬಂದಿದ್ದಕ್ಕೆ. ಹೆಸರಿಲ್ಲದ ಬಹುವಚನಕ್ಕೆ ಧೈರ್ಯ ಬೇಕಾಗೇ ಇಲ್ಲ.

ಬ್ರಿಟಿಷರು ಹೋದಲ್ಲೆಲ್ಲ ಚರ್ಚು, ಕ್ಲಬ್ಬು, ರೇಸ್ ಕೋರ್ಸು ಮೂರನ್ನೂ ತಗೊಂಡು ಹೋದರು. ಕಲ್ಕತ್ತಾದಲ್ಲಿ 1847ಕ್ಕೇ ಟರ್ಫ್ ಕ್ಲಬ್. ನಮ್ಮ ಮೈಸೂರಿನಲ್ಲಿ 1891ರಲ್ಲಿ, ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ರೇಸ್ ಕ್ಲಬ್ ಶುರು. ಇಲ್ಲೊಂದು ವಿಚಿತ್ರ ನೋಡಿ. ಅದೇ ಮೈಸೂರು, ಅದೇ ಮಹಾರಾಜರು, ಹತ್ತು ವರ್ಷ ಹಿಂದೆ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಮುಂದಾಳತ್ವದಲ್ಲಿ ಪ್ರಜಾ ಪ್ರತಿನಿಧಿ ಸಭೆ ಮಾಡಿದ್ದರು. ಅಲ್ಲಿ ದಿವಾನರು ನಿಂತು ಲೆಕ್ಕ ಒಪ್ಪಿಸ್ತಿದ್ದರು. ಆ ಭಾಷಣಗಳು ಅಚ್ಚಾಗಿವೆ, ಇವತ್ತೂ ಓದಬಹುದು. ದಿವಾನನೇ ಲೆಕ್ಕ ಹೇಳಬೇಕಾದ ರಾಜ್ಯದಲ್ಲಿ ರೇಸಿನ ಮಾತ್ರ ಕ್ಲಬ್ಬಿನ ಕಾನೂನು.

ಹಾಗಂತ ಕ್ಲಬ್ಬುಗಳಿಗೆ ಬರೆದಿಡೋ ಅಭ್ಯಾಸ ಇರಲಿಲ್ಲ ಅಂದ್ಕೋಬೇಡಿ. ರೇಸಿಗೆ ಸಂಬಂಧ ಇಲ್ಲದ ನಮ್ಮ ಬೆಂಗಳೂರು ಕ್ಲಬ್ಬಿನ ಹಳೇ ಲೆಡ್ಜರ್‌ನಲ್ಲಿ 1899ರಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಅನ್ನೋನು 13 ರೂಪಾಯಿ ಬಾಕಿ ಉಳಿಸಿಕೊಂಡಿದ್ದು ಇಂದಿಗೂ ಇದೆ. ಹೌದು, ಅದೇ ಚರ್ಚಿಲ್.

ಈಗ ನೇರವಾಗಿ ಇಪ್ಪತ್ತನೇ ಶತಮಾನಕ್ಕೆ. 1940ರ ದಶಕದ ಕೊನೆ. ಇಂಗ್ಲೆಂಡಿನಲ್ಲಿ ರಸೆಲ್ ಅನ್ನೋ ಟ್ರೇನರ್. ಅವನ ಕುದುರೆಗೆ ಮದ್ದು ಹಾಕಲಾಗಿತ್ತು ಅಂತ ಸ್ಟೀವರ್ಡ್‌ಗಳು ಅವನ ಲೈಸೆನ್ಸ್ ಕಿತ್ತುಕೊಂಡರು. ಅವನು ಕೋರ್ಟಿಗೆ ಹೋದ. ಎದುರಾಳಿ ಯಾರು? ನಾರ್ಫೋಕ್ ಡ್ಯೂಕ್! 1949ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ರಸೆಲ್ ವಿರುದ್ಧವೇ ತೀರ್ಪು ಕೊಟ್ಟಿತು. ಲೈಸೆನ್ಸ್ ಕೊಡೋದು, ವಾಪಸ್ ತಗೊಳ್ಳೋದು ಸ್ಟೀವರ್ಡ್‌ಗಳ ಸಂಪೂರ್ಣ ವಿವೇಚನೆಗೆ ಬಿಟ್ಟಿದ್ದು ಅಂತ ಕ್ಲಬ್ಬಿನ ನಿಯಮದಲ್ಲೇ ಬರೆದಿತ್ತು, ಅದಕ್ಕೆ ಒಪ್ಪಿ ತಾನೇ ನೀನು ಲೈಸೆನ್ಸ್ ತಗೊಂಡಿದ್ದು ಅನ್ನೋ ವಾದ.

ಆಮೇಲೆ ಬಂದವರು ಒಬ್ಬ ಹೆಂಗಸು. ಫ್ಲಾರೆನ್ಸ್ ನೇಗಲ್. ವರ್ಷಾನುಗಟ್ಟಲೆ ಕುದುರೆ ಪಳಗಿಸಿದವರು. ಲೈಸೆನ್ಸ್ ಕೇಳಿದಾಗಲೆಲ್ಲ ಜಾಕಿ ಕ್ಲಬ್ ಇಲ್ಲ ಅಂದಿತು. ಕೊನೆಗೆ ಅವರ ಲಾಯದ ಕೆಲಸಗಾರನ ಹೆಸರಿಗೆ ಲೈಸೆನ್ಸ್ ಕೊಟ್ಟರು! ಪಳಗಿಸೋದು ಅಮ್ಮ, ಹೆಸರು ಆಳಿನದು. ಹೆಂಗಸರಿಗೆ ಕೊಡಬಾರದು ಅಂತ ಎಲ್ಲಾದರೂ ನಿಯಮ ಬರೆದಿತ್ತಾ? ಇಲ್ಲ. ಬರೆಯದ ನಿಯಮ, ಯಾರು ಒತ್ತಾಯಿಸಿದರು ಅಂತ ದಾಖಲೆ ಇಲ್ಲದ ನಿಯಮ. 1966ರಲ್ಲಿ ಲಾರ್ಡ್ ಡೆನ್ನಿಂಗ್ ಇದ್ದ ಮೇಲ್ಮನವಿ ಕೋರ್ಟ್ ಹೇಳಿತು: ಒಂದು ಇಡೀ ವೃತ್ತಿಯ ಬಾಗಿಲು ಕಾಯೋ ಸಂಸ್ಥೆ ಮನಸ್ಸಿಗೆ ಬಂದ ಹಾಗೆ ಬಾಗಿಲು ಹಾಕೋ ಹಾಗಿಲ್ಲ, ಈ ಕೇಸ್ ವಿಚಾರಣೆ ಆಗಲೇಬೇಕು. ವಿಚಾರಣೆವರೆಗೂ ಹೋಗಲಿಲ್ಲ. ಕ್ಲಬ್ ತಾನೇ ಸೋತು ಅದೇ ವರ್ಷ ಲೈಸೆನ್ಸ್ ಕೊಟ್ಟಿತು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು.

ಅದೇ 1966ರಲ್ಲಿ ಅಮೆರಿಕದಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಬಂತು. ಅದರಲ್ಲಿ ಒಂದು ಸಣ್ಣ ಸಾಲು ಇದೆ, ಹೆಚ್ಚು ಜನ ಗಮನಿಸಲ್ಲ. ಒಬ್ಬರಿಗಿಂತ ಹೆಚ್ಚು ಸದಸ್ಯರಿರೋ ಪ್ರತಿ ಫೆಡರಲ್ ಸಂಸ್ಥೆ, ಪ್ರತಿ ಪ್ರಕರಣದಲ್ಲಿ ಪ್ರತಿ ಸದಸ್ಯನ ಅಂತಿಮ ವೋಟನ್ನ ಬರೆದಿಡಬೇಕು, ಸಾರ್ವಜನಿಕರಿಗೆ ನೋಡೋಕೆ ಕೊಡಬೇಕು. ಬ್ಯಾಡರಹಳ್ಳಿಯ ಹಿರಿಯರ ಪ್ರಶ್ನೆಗೆ ಉತ್ತರ ಕೊಡೋ ಸಾಲು ಅದು. ಅಲ್ಲಿ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ರೇಸ್ ನಿಯಂತ್ರಿಸೋದು ಕ್ಲಬ್ ಅಲ್ಲ, ಸರ್ಕಾರಿ ಮಂಡಳಿ. 2014ರಲ್ಲಿ ಆ ರಾಜ್ಯ ತನ್ನ ಸಭೆಗಳ ಕಾನೂನಿಗೆ ತಿದ್ದುಪಡಿ ತಂದು, ರಾಜ್ಯದ ಮಂಡಳಿಗಳಲ್ಲಿ ಪ್ರತಿ ಸದಸ್ಯ ಹೇಗೆ ವೋಟ್ ಹಾಕಿದ, ಯಾರು ತಟಸ್ಥ ಅನ್ನೋದನ್ನ ಬಹಿರಂಗವಾಗಿ ಹೇಳಬೇಕು ಅಂತ ಮಾಡಿತು.

ಸರಿ, ಅದು ಅಮೆರಿಕ. ನಮ್ಮದು ಖಾಸಗಿ ಕ್ಲಬ್ಬು, ನಮ್ಮ ಮನೆ ವಿಷಯ ನಿಮಗ್ಯಾಕೆ ಅಂತ ಯಾರಾದರೂ ಕೇಳಬಹುದು. ಇದೇ ಈ ಕಥೆಯ ಗಂಟು. ಬಿಚ್ಚೋಣ.

ಬೆಂಗಳೂರು ಟರ್ಫ್ ಕ್ಲಬ್ ಕಂಪನಿ ಕಾಯ್ದೆಯಡಿ ನೋಂದಣಿ ಆದ ಸಂಸ್ಥೆ, ನಿಜ. ಆದರೆ ಅದು ನಿಂತಿರೋ ಜಾಗ? ನಗರದ ಎದೆಯ ಮೇಲೆ ಸುಮಾರು 85 ಎಕರೆ, ಸರ್ಕಾರದ ಭೂಮಿ, ಗುತ್ತಿಗೆ ಅವಧಿ 2009ರ ಕೊನೆಗೇ ಮುಗಿದಿದ್ದು. ರೇಸ್ ನಡೆಸೋಕೆ ಅನುಮತಿ? 1952ರ ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯ್ದೆಯಡಿ ಸರ್ಕಾರವೇ ಕೊಡಬೇಕು. ತೆರಿಗೆ? 1932ರ ಮೈಸೂರು ಬೆಟ್ಟಿಂಗ್ ತೆರಿಗೆ ಕಾಯ್ದೆ ಕಾಲದಿಂದ ಖಜಾನೆಗೆ ಪಾಲು ಇದ್ದೇ ಇದೆ. ಜಿಎಸ್‌ಟಿ ಬಂದಾಗ ಶೇ. 28, 2025ರ ಸೆಪ್ಟೆಂಬರ್‌ನಿಂದ ಶೇ. 40. ಭೂಮಿ ಸರ್ಕಾರದ್ದು, ಲೈಸೆನ್ಸ್ ಸರ್ಕಾರದ್ದು, ದುಡ್ಡು ಬ್ಯಾಡರಹಳ್ಳಿಯಿಂದ ಬಸ್ ಹತ್ತಿ ಬರೋರದ್ದು. ಖಾಸಗಿ ಅನ್ನೋದು ಎಲ್ಲಿ ಉಳೀತು? ತೀರ್ಮಾನ ಮಾಡೋ ಕೋಣೆಯಲ್ಲಿ ಮಾತ್ರ.

ಇನ್ನೂ ಒಂದು ಮುಖ್ಯ ಮಾತಿದೆ. ಇಸ್ಪೀಟು ಆಡಿದರೆ ಪೊಲೀಸರು ಎತ್ತಾಕೊಂಡು ಹೋಗ್ತಾರೆ, ರೇಸಿಗೆ ಕಟ್ಟಿದರೆ ಹೋಗಲ್ಲ, ಯಾಕೆ? 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ರೇಸು ಅದೃಷ್ಟದ ಆಟ ಅಲ್ಲ, ಕೌಶಲದ ಆಟ ಅಂತ ಹೇಳಿತು. ಕಾರಣ? ಕುದುರೆಯ ಸಾಮರ್ಥ್ಯ, ಜಾಕಿಯ ನೈಪುಣ್ಯ, ಹೊತ್ತ ಭಾರ, ಓಡೋ ದೂರ, ಇವನ್ನೆಲ್ಲ ಅಳೆದು ತೂಗಿ ಜನ ಬಾಜಿ ಕಟ್ತಾರೆ ಅನ್ನೋದು. ಅಂದ್ರೆ ಏನಾಯ್ತು? ಮಾಹಿತಿ ಬಯಲಲ್ಲಿದೆ ಅನ್ನೋ ಒಂದೇ ಕಂಬದ ಮೇಲೆ ಇಡೀ ರೇಸಿನ ಕಾನೂನುಬದ್ಧತೆ ನಿಂತಿದೆ. ಆ ಮಾಹಿತಿಯಲ್ಲಿ ತೀರ್ಪುಗಾರನೂ ಸೇರಬೇಕಲ್ವಾ? ಯಾವ ಸ್ಟೀವರ್ಡ್ ಯಾವ ಬಗೆಯ ದೂರಿಗೆ ಹೇಗೆ ನಡಕೊಳ್ತಾನೆ ಅನ್ನೋದು ರೇಸಿನ ಫಲಿತಾಂಶದ ಭಾಗ ಅಲ್ವಾ? ನಾನು ಓದಿದ್ದು ಎಂಜಿನಿಯರಿಂಗ್. ಒಂದು ಸಿಸ್ಟಮ್‌ನಲ್ಲಿ ಕೊನೇ ಹಂತಕ್ಕೆ ಲಾಗ್ ಇಲ್ಲ ಅಂದ್ರೆ, ಅದಕ್ಕಿಂತ ಹಿಂದಿನ ಹಂತಗಳನ್ನ ಎಷ್ಟೇ ಅಳೆದರೂ ತಪ್ಪು ಎಲ್ಲಾಯ್ತು ಅಂತ ಹೇಳೋಕಾಗಲ್ಲ.

ಇದು ಬರೀ ತತ್ವದ ಮಾತಲ್ಲ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಗೆದ್ದ ಕ್ವೀನ್ ಲತೀಫಾ ಅನ್ನೋ ಕುದುರೆಯ ಮಾದರಿಯಲ್ಲಿ ಪ್ರೊಕೇನ್ ಅನ್ನೋ ನಿಷಿದ್ಧ ಮದ್ದಿನ ಅಂಶ ಸಿಕ್ಕಿದೆ ಅನ್ನೋ ವರದಿ ಬಂತು. ಕ್ಲಬ್ಬಿನೊಳಗೇ ಮುಗಿಯಬೇಕಿದ್ದ ವಿಷಯ ಪೊಲೀಸ್ ಠಾಣೆಗೆ, ಅಲ್ಲಿಂದ ಸಿಐಡಿಗೆ ಹೋಯ್ತು. ಯಾರು ತಪ್ಪಿತಸ್ಥರು ಅಂತ ನಾನು ಇಲ್ಲಿ ಕೂತು ಹೇಳಲ್ಲ. ಅದು ನನ್ನ ಕೆಲಸ ಅಲ್ಲ. ಆದರೆ ಮದ್ದಿನ ಅನುಮಾನ ಬಂದಾಗ ಜನ ಮೊದಲು ಕೇಳೋದು ತೀರ್ಮಾನ ಮಾಡೋರಲ್ಲಿ ಯಾರು ಏನಂದರು ಅಂತ. ಉತ್ತರ ಕಾಗದದಲ್ಲಿ ಸಿಗದೆ ಇದ್ದರೆ ಗಾಳಿಮಾತಿನಲ್ಲಿ ಸಿಗುತ್ತೆ. ಗಾಳಿಮಾತಿನಲ್ಲಿ ಪ್ರಾಮಾಣಿಕ ಸ್ಟೀವರ್ಡ್‌ಗೂ ಕಳ್ಳನಿಗೂ ಒಂದೇ ರೇಟು.

2024ರಲ್ಲಿ ಮತ್ತೆ. ಜನವರಿಯಲ್ಲಿ ರೇಸ್ ಕೋರ್ಸ್‌ನ ಬುಕ್ಕಿಗಳ ಮೇಲೆ ಸಿಸಿಬಿ ದಾಳಿ. ಜೂನ್‌ನಲ್ಲಿ ಸರ್ಕಾರ ಲೈಸೆನ್ಸ್ ಕೊಡಲ್ಲ ಅಂತು. ಹೈಕೋರ್ಟಿನ ಏಕಸದಸ್ಯ ಪೀಠ ರೇಸ್ ನಡೆಸಬಹುದು ಅಂತು. ಜೂನ್ 22ಕ್ಕೆ ವಿಭಾಗೀಯ ಪೀಠ ಬೇಡ ಅಂತು. ಇಲ್ಲಿ ಗಮನಿಸಿ, ಆ ಒಂದು ತಿಂಗಳಲ್ಲಿ ಯಾವ ನ್ಯಾಯಮೂರ್ತಿ ಏನು ಹೇಳಿದರು ಅಂತ ಹೆಸರು ಸಮೇತ ನಾವು ಟಿವಿಯಲ್ಲಿ ಓದಿದೆವು. ನ್ಯಾಯಾಂಗದಲ್ಲಿ ಅದೇ ಪದ್ಧತಿ. ಎಮರ್ಜೆನ್ಸಿ ಕಾಲದಲ್ಲಿ, 1976ರಲ್ಲಿ, ಜಬಲ್ಪುರ ಪ್ರಕರಣದಲ್ಲಿ ನಾಲ್ಕು ಜನ ಸರ್ಕಾರದ ಕಡೆ, ಒಬ್ಬರೇ ಎದುರು. ಆ ಒಬ್ಬರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಅದಕ್ಕೆ ಅವರು ಬೆಲೆ ತೆತ್ತರು. ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಅವರನ್ನ ದಾಟಿ ಇನ್ನೊಬ್ಬರನ್ನ ಕೂರಿಸಿದಾಗ ರಾಜೀನಾಮೆ ಕೊಟ್ಟು ಹೋದರು. ವೋಟು ಬಯಲಾದರೆ ಅಪಾಯ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ.

ಈ ಅಪಾಯದ ಮಾತನ್ನೇ ಎದುರು ವಾದ ಮಾಡೋರು ಹಿಡಕೊಳ್ತಾರೆ. ರೇಸ್ ಅಂದ್ರೆ ದುಡ್ಡು, ದುಡ್ಡು ಅಂದ್ರೆ ರೌಡಿಗಳು. ಯಾರು ಯಾವ ಕಡೆ ಅಂತ ಗೊತ್ತಾದರೆ ಮನೆ ಮುಂದೆ ಗಲಾಟೆ ಆಗುತ್ತೆ. ಆಮೇಲೆ, ಗುಪ್ತ ಮತದಾನ ಪ್ರಜಾಪ್ರಭುತ್ವದ ಪ್ರಾಣ ಅಲ್ವಾ ಅಂತಾರೆ. ಮೊದಲನೇದು ನ್ಯಾಯವಾದ ಭಯ. ಅದೇ ದಿನ ಬೇಡ, ಮೂರು ತಿಂಗಳು ಬಿಟ್ಟು ಪ್ರಕಟಿಸಲಿ, ನನ್ನ ತಕರಾರಿಲ್ಲ. ಎರಡನೇದು ಮಾತ್ರ ಪೂರ್ತಿ ತಲೆಕೆಳಗು ಕಣ್ರೀ.

ಗುಪ್ತ ಮತದಾನ ಯಾರಿಗೋಸ್ಕರ? ಬ್ರಿಟನ್ನಿನಲ್ಲಿ 1872ರಲ್ಲಿ ಅದನ್ನ ತಂದಿದ್ದು ಜಮೀನ್ದಾರನ ಮುಂದೆ ಗೇಣಿದಾರ, ಯಜಮಾನನ ಮುಂದೆ ಕೂಲಿಯವನು ಹೆದರದೆ ವೋಟ್ ಹಾಕಲಿ ಅಂತ. ದುರ್ಬಲನ ಗುರಾಣಿ ಅದು. ತನಗೋಸ್ಕರ ವೋಟ್ ಹಾಕೋನಿಗೆ ಗುಟ್ಟು ಬೇಕು. ಇನ್ನೊಬ್ಬರ ಪರವಾಗಿ, ಇನ್ನೊಬ್ಬರ ಹಣೆಬರಹದ ಮೇಲೆ ವೋಟ್ ಹಾಕೋನಿಗೆ ಆ ಗುಟ್ಟು ಸಲ್ಲಲ್ಲ. ಇದನ್ನ ನಾನು ಹೇಳ್ತಿಲ್ಲ, ದೇಶದ ಕಾನೂನೇ ಒಪ್ಪಿದೆ. 2003ರಲ್ಲಿ ಸಂಸತ್ತು ರಾಜ್ಯಸಭೆ ಚುನಾವಣೆಗೆ ಮುಕ್ತ ಮತದಾನ ತಂದಿತು. ಶಾಸಕ ತಾನು ಯಾರಿಗೆ ಹಾಕಿದೆ ಅಂತ ಪಕ್ಷದ ಏಜೆಂಟಿಗೆ ತೋರಿಸಿ ಪೆಟ್ಟಿಗೆಗೆ ಹಾಕಬೇಕು. ಹಿರಿಯ ಪತ್ರಕರ್ತ ಕುಲದೀಪ್ ನಯ್ಯರ್ ಇದನ್ನ ಪ್ರಶ್ನಿಸಿದರು. 2006ರಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ ಮುಕ್ತ ಮತದಾನವನ್ನೇ ಎತ್ತಿ ಹಿಡಿಯಿತು. ಮುಕ್ತ ಮತದಾನ ತಂದಿದ್ದು ಯಾಕೆ ಗೊತ್ತಾ? ಕುದುರೆ ವ್ಯಾಪಾರ ತಡೆಯೋಕೆ! ಶಾಸಕರ ಕುದುರೆ ವ್ಯಾಪಾರಕ್ಕೆ ಮದ್ದು ಮುಕ್ತ ಮತದಾನ. ನಿಜವಾದ ಕುದುರೆಗಳ ವ್ಯವಹಾರದಲ್ಲಿ ಮಾತ್ರ ಕಪ್ಪು ಗೋಲಿ ಪೆಟ್ಟಿಗೆ.

ವೋಟಿನ ಲೆಕ್ಕ ಇಲ್ಲದಿದ್ದರೆ ಏನಾಗುತ್ತೆ ಅಂತ ಕರ್ನಾಟಕದವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2010ರ ಅಕ್ಟೋಬರ್ 11 ನೆನಪಿದೆಯಾ? ವಿಧಾನಸಭೆಯಲ್ಲಿ ಗದ್ದಲ, ತಳ್ಳಾಟ. ಅದರ ನಡುವೆ ಯಡಿಯೂರಪ್ಪ ಸರ್ಕಾರ ಧ್ವನಿಮತದಲ್ಲಿ ವಿಶ್ವಾಸಮತ ಗೆದ್ದಿತು ಅಂತ ಘೋಷಣೆ. ಎಷ್ಟು ಜನ ಹೌದು, ಎಷ್ಟು ಜನ ಇಲ್ಲ? ಧ್ವನಿಯಲ್ಲಿ ಎಣಿಕೆ ಎಲ್ಲಿ ಬರುತ್ತೆ! ರಾಜ್ಯಪಾಲ ಭಾರದ್ವಾಜ್ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಕೊನೆಗೆ ಮೂರೇ ದಿನಕ್ಕೆ, 14ನೇ ತಾರೀಖು, ತಲೆ ಎಣಿಸಬೇಕಾಯ್ತು: 106 ಪರ, 100 ವಿರೋಧ. ಆ ಎರಡು ಸಂಖ್ಯೆ ಬಂದ ಮೇಲೆ ಶಾಸಕರ ಅನರ್ಹತೆ ಬಗ್ಗೆ ಜಗಳ ಇತ್ತು, ವೋಟಿನ ಎಣಿಕೆ ಬಗ್ಗೆ ಇರಲಿಲ್ಲ.

ಹಾಗಾದರೆ ದಾರಿ ಏನು? ಆರ್‌ಟಿಐ ಒಂದು ದಾರಿ. ಆದರೆ ಅದು ಸುತ್ತುಬಳಸು. 2013ರಲ್ಲಿ ತಲಪ್ಪಲಂ ಸಹಕಾರ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರ ಬರೀ ಮೇಲ್ವಿಚಾರಣೆ ಮಾಡಿದ ಮಾತ್ರಕ್ಕೆ ಒಂದು ಸಂಸ್ಥೆ ಸಾರ್ವಜನಿಕ ಪ್ರಾಧಿಕಾರ ಆಗಲ್ಲ, ಗಣನೀಯ ಆರ್ಥಿಕ ನೆರವು ಇರಬೇಕು ಅಂತ ಹೇಳಿತು. 2025ರಲ್ಲಿ ನಮ್ಮ ಹೈಕೋರ್ಟಿನ ಏಕಸದಸ್ಯ ಪೀಠ ಕಬ್ಬನ್ ಪಾರ್ಕಿನ ಸೆಂಚುರಿ ಕ್ಲಬ್ ವಿಷಯದಲ್ಲಿ, ಮಹಾರಾಜರು ಕೊಟ್ಟ ಭೂಮಿಯೇ ದೊಡ್ಡ ನೆರವು, ನೀವು ಆರ್‌ಟಿಐಗೆ ಬರ್ತೀರಿ ಅಂತು. ಒಂದೊಂದು ಕ್ಲಬ್ಬಿಗೂ ಒಂದೊಂದು ಕೇಸು, ಒಂದೊಂದಕ್ಕೂ ಹತ್ತು ವರ್ಷ ಅಂದ್ರೆ ನಮ್ಮ ಹಿರಿಯರ ಪೆನ್ಸಿಲ್ ಸವೆದು ಹೋಗುತ್ತೆ.

ಇನ್ನೊಂದು ದಾರಿ ಕಣ್ಣ ಮುಂದೆಯೇ ಇದೆ. 2013ರ ಕಂಪನಿ ಕಾಯ್ದೆಯ 118ನೇ ಸೆಕ್ಷನ್ ತೆಗೆದು ನೋಡಿ. ಆಡಳಿತ ಮಂಡಳಿ ಸಭೆಯ ನಡಾವಳಿಯಲ್ಲಿ ಹಾಜರಿದ್ದವರ ಹೆಸರು ಬರೆಯಬೇಕು, ಪ್ರತಿ ನಿರ್ಣಯಕ್ಕೂ ಒಪ್ಪದೇ ಇದ್ದವರ ಹೆಸರು ಬರೆಯಬೇಕು. ಅಂದ್ರೆ ಕಂಪನಿಯಾಗಿರೋ ಯಾವುದೇ ಕ್ಲಬ್ಬಿನ ಮಂಡಳಿಯಲ್ಲಿ ಯಾರು ಬೇಡ ಅಂದರು ಅನ್ನೋದು ಈಗಲೇ ಕಾಗದದ ಮೇಲೆ ಇರಬೇಕು. ಮುಂದಿನ 119ನೇ ಸೆಕ್ಷನ್‌ಗೆ ಬನ್ನಿ. ಸದಸ್ಯರು ಹೋಗಿ ನೋಡಬಹುದಾದ್ದು ಸಾಮಾನ್ಯ ಸಭೆಯ ನಡಾವಳಿ ಮಾತ್ರ. ಮಂಡಳಿಯ ನಡಾವಳಿ ಬೀರುವಿನಲ್ಲಿ. ಬರೆಯೋ ಶ್ರಮ ಆಗಲೇ ಆಗಿದೆ. ಬೀಗ ತೆಗೆಯೋದಷ್ಟೇ ಬಾಕಿ. ಅದೇ ಶಿಸ್ತನ್ನ ಸ್ಟೀವರ್ಡ್‌ಗಳ ವಿಚಾರಣೆಗೂ ವಿಸ್ತರಿಸಿ, ಪ್ರತಿ ತೀರ್ಮಾನದ ಜೊತೆ ಪರ ಯಾರು, ವಿರೋಧ ಯಾರು, ಆ ಕುದುರೆಯ ಮಾಲೀಕರ ಜೊತೆ ನಂಟಿದೆ ಅಂತ ಎದ್ದು ಹೊರಗೆ ಹೋದವರು ಯಾರು ಅಂತ ಪ್ರಕಟಿಸಬೇಕು ಅನ್ನೋದನ್ನ ಸರ್ಕಾರ ಲೈಸೆನ್ಸಿನ ಷರತ್ತಾಗಿ ಹಾಕಲಿ. 1952ರ ಕಾಯ್ದೆಯಡಿ ಲೈಸೆನ್ಸಿಗೆ ಷರತ್ತು ಹಾಕೋ ಅಧಿಕಾರ ಇದ್ದೇ ಇದೆ. ಹೊಸ ಕಾನೂನು ಬೇಡ, ಹೊಸ ಮಂಡಳಿ ಬೇಡ, ಒಂದು ಪ್ಯಾರಾ ಸಾಕು.

ಈಗ ರೇಸ್ ಕೋರ್ಸನ್ನ ಟಿಪ್ಪು ಕಾಲದ ಕುದುರೆ ಫಾರಂ ಇರೋ ಕುಣಿಗಲ್‌ಗೆ ಸಾಗಿಸೋ ಮಾತು ನಡೀತಿದೆ. ಜಾಗ ಎಷ್ಟು, ಮರ ಎಷ್ಟು, ಗುತ್ತಿಗೆ ಯಾರಿಗೆ ಅಂತ ನಾವು ಚಾನೆಲ್‌ಗಳಲ್ಲಿ ಗಂಟೆಗಟ್ಟಲೆ ಚರ್ಚೆ ಮಾಡ್ತಿದ್ದೀವಿ. ಹೊಸ ಜಾಗದ ಲೈಸೆನ್ಸ್ ಪತ್ರದಲ್ಲಿ ಆ ಒಂದು ಪ್ಯಾರಾ ಇರುತ್ತಾ ಅಂತ ಯಾರೂ ಕೇಳಿಲ್ಲ, ನಾನೂ ಕೇಳಿರಲಿಲ್ಲ. ಕಳೆದ ವಾರ ಟೀ ಅಂಗಡಿಯಲ್ಲಿ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ‘ಕುಣಿಗಲ್‌ಗೆ ಹೋದ್ರೆ ಇದೇ ಮಾಗಡಿ ರೋಡಲ್ಲಿ ಹಿಂದಕ್ಕೆ ಬಸ್ ಹತ್ತಬೇಕು, ಮಾಗಡಿಯಲ್ಲಿ ಇಳಿದು ಇನ್ನೊಂದು ಬಸ್ಸು’ ಅಂದರು. ಆಮೇಲೆ ರೇಸ್ ಬುಕ್ಕಿನ ಕೊನೇ ಖಾಲಿ ಹಾಳೆ ಹರಿದು, ಪೆನ್ಸಿಲ್ ಜೊತೆ ನನ್ನ ಮುಂದಿಟ್ಟರು. ‘ಆ ಸೆಕ್ಷನ್ ನಂಬರ್ ಎರಡೂ ಬರೆದುಕೊಡಿ ಸಾರ್’ ಅಂದರು. ಬರೆದುಕೊಟ್ಟೆ.